ಹನ್ನೊಂದನೆಯ ಕೋಣೆಯ ಇಲಿ

ಅಪ್ಪ ಚೊಂಬಿನ ನೀರನ್ನು ಸಾವಿರ ವರ್ಷ ಹಳೆಯ ನೆಲದ ಮೇಲೆ ಸುರಿದೇಬಿಟ್ಟ. ಮಗಳಿಗೆ ಬುತ್ತಿ ತಂದವನು ಕೊಟ್ಟು ಹೋಗಬೇಕಿತ್ತು. ಆದರೆ ನಲವತ್ತು ವರ್ಷ ಗಾರೆ ಕೆಲಸ ಮಾಡಿದ ಕೈ ನೆಲ ಕಂಡರೆ ಸುಮ್ಮನಿರುತ್ತದೆಯೇ?

ಮಗಳು ಧಾವಿಸಿ ಬಂದು ಚೊಂಬು ಕಿತ್ತುಕೊಂಡಳು. ಬೌದ್ಧ ಭಿಕ್ಷುಗಳ ಆ ವಿಹಾರವನ್ನು ಆರು ತಿಂಗಳಿಂದ ಅಗೆದು, ಇಟ್ಟಿಗೆ ಇಟ್ಟಿಗೆಯನ್ನೂ ಕುಂಚದಲ್ಲಿ ಒರೆಸಿದವಳು ಅವಳು. ಮಳೆ ಬಿಸಿಲಿಗೆ ಹಾಳಾಗದಂತೆ ಅದನ್ನು ಮಧ್ಯಾಹ್ನ ಮರಳು ತುಂಬಿ ಮುಚ್ಚುವುದಿತ್ತು. ಲಾರಿ ಆಗಲೇ ಬಂದು ನಿಂತಿತ್ತು. ಒಮ್ಮೆ ಮುಚ್ಚಿದರೆ ಇನ್ನು ಮೂವತ್ತು ವರ್ಷ ಯಾರೂ ತೆರೆಯುವುದಿಲ್ಲ.

"ಏನಪ್ಪಾ ಮಾಡ್ತಿದ್ದೀಯ?"

"ವಾಟ ನೋಡ್ತಿದ್ದೀನಿ, ನೀರು ಎತ್ತ ಇಳಿಯುತ್ತೆ ಅಂತ. ನೆಲದ ಮಾತು ನಂಬಬೇಡ ಮಗಳೇ, ನೀರನ್ನ ಕೇಳು."

ನೀರು ಅತ್ತಿತ್ತ ನೋಡದೆ ಮೂಲೆಗೆ ಹರಿದು, ಒಂದು ಇಟ್ಟಿಗೆಯ ಅಡಿ ಮಾಯವಾಯಿತು. ಮಲಗುವ ಕೋಣೆಗೆ ಯಾವ ಮೇಸ್ತ್ರಿಯೂ ಇಷ್ಟು ಇಳಿಜಾರು ಕೊಡುವುದಿಲ್ಲ, ಇದು ಬಚ್ಚಲು ಎಂದ ಅಪ್ಪ.

ವಿಹಾರದ ಹನ್ನೆರಡು ಕೋಣೆಗಳೂ ಮಲಗುವ ಕೋಣೆಗಳು ಎಂದು ಬರೆದವಳು ಅವಳೇ. ಈ ಹನ್ನೊಂದನೆಯದರ ಹೊರಗೋಡೆಯ ಬುಡದಲ್ಲಿದ್ದ ತೂತಿಗೆ ನಕ್ಷೆಯಲ್ಲಿ 'ಇಲಿ ಬಿಲ' ಎಂದು ಬರೆದವಳೂ ಅವಳೇ. ಅವಳ ಹೆಸರಿನಲ್ಲಿ ಹೊರಡುತ್ತಿದ್ದ ಮೊದಲ ನಕ್ಷೆ ಅದು. ಉತ್ಖನನದ ಮುಖ್ಯಸ್ಥರು ನಿನ್ನೆಯಷ್ಟೇ ಎಲ್ಲರೆದುರು ಹೊಗಳಿ ರುಜು ಹಾಕಿದ್ದರು. ಸುಮ್ಮನಿದ್ದರೆ ಮರಳು ಅವಳ ತಪ್ಪನ್ನೂ ಮುಚ್ಚುತ್ತಿತ್ತು. ಅವಳಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಹಟ ಬಂತು.

ಲಾರಿಯ ಹತ್ತಿರವಿದ್ದ ಮುಖ್ಯಸ್ಥರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ರುಜು ಬಿದ್ದ ಮೇಲೆ ಇದೆಂಥ ಕ್ಯಾತೆ, ನಿನ್ನ ಕಾಲ ಮೇಲೆ ನೀನೇ ಚಪ್ಪಡಿ ಎಳೆದುಕೊಳ್ಳುತ್ತೀಯಲ್ಲ ಎಂದು ಅವರು ಗದರಿದರು.

"ಎಳ್ಕೋತೀನಿ ಸರ್. ಒಂದು ಗಂಟೆ ಕೊಡಿ. ಅಲ್ಲೀವರೆಗೂ ಒಂದು ಬುಟ್ಟಿ ಮರಳೂ ಇಳಿಯೋದು ಬೇಡ."

ಅಪ್ಪ ಮಗಳು ಮಂಡಿಯೂರಿದರು. ಫೋಟೋ ತೆಗೆದು, ಗುರುತು ಬರೆದು, ಮೂಲೆಯ ಇಟ್ಟಿಗೆ ಎತ್ತಿದರೆ ಕೆಳಗೆ ಮಣ್ಣು ತುಂಬಿ ಕಟ್ಟಿಕೊಂಡ ತೂಬು. ಅವಳು ಬಿದಿರಿನ ಕಡ್ಡಿಯಲ್ಲಿ ಕೆರೆಯುತ್ತ ಹೋದಳು, ಅಪ್ಪ ಆ ಮಣ್ಣನ್ನು ಜರಡಿ ಹಿಡಿದ. ಬುತ್ತಿ ಬಿಸಿಲಲ್ಲೇ ಉಳಿಯಿತು. ಗಂಟೆ ಮುಗಿಯುವ ಹೊತ್ತಿಗೆ ಕಡ್ಡಿ ತಡೆಯಿಲ್ಲದೆ ಪೂರ್ತಿ ಒಳಗೆ ಹೋಯಿತು.

ಮುಖ್ಯಸ್ಥರು ಮೊಣಕಾಲೆತ್ತರದ ಮೋಟುಗೋಡೆಯ ಆಚೆ, ಆ ತೂತಿನ ಮುಂದೆಯೇ ಕೈಕಟ್ಟಿ ನಿಂತಿದ್ದರು. ಅವಳು ಒಂದು ಬಕೆಟ್ ನೀರು ಸುರಿದಳು. ಮೂಲೆ ಗುಟುಗುಟು ಕುಡಿಯಿತು. ಆಚೆ ಏನೂ ಬರಲಿಲ್ಲ. ಮುಖ್ಯಸ್ಥರು ಲಾರಿಯ ಕಡೆ ತಿರುಗಿದರು. ಅವಳು ಎರಡನೆಯ ಬಕೆಟ್ ಎತ್ತಿ ಸುರಿದಳು.

ಮುಖ್ಯಸ್ಥರು ಬೆಚ್ಚಿ ಕೆಳಗೆ ನೋಡಿದರು. ಬೂಟು ನೆನೆಯುತ್ತಿತ್ತು. ಅವರು ವಾಪಸು ಹೋಗು ಎಂದು ಲಾರಿಯವನಿಗೆ ಕೈಯಾಡಿಸಿದರು. ಅವಳು ಒದ್ದೆ ಕೈಯಲ್ಲೇ ನಕ್ಷೆ ಬಿಚ್ಚಿ ಪೆನ್ಸಿಲ್ ಹುಡುಕತೊಡಗಿದಳು.

ಅಪ್ಪ ಗೋಡೆಯಾಚೆ ಬಗ್ಗಿ ನೋಡಿದ.

"ಸ್ವಲ್ಪ ದಾರಿ ಬಿಡಿ ಸಾಹೇಬ್ರೇ. ಇಲಿ ಸ್ನಾನ ಮುಗಿಸಿ ಹೊರಗೆ ಬರ್ತಿದೆ."