ತೂತು ಮಾಡಿದವರೇ ಮುಚ್ಚಬೇಕು

ಯಾರೂ ಆಕ್ಸಲರೇಟರ್ ತುಳಿದಿರಲಿಲ್ಲ. ಆದರೂ ಕೆಂಪು ಕಾರಿನ ಇಂಜಿನ್ ತನ್ನಷ್ಟಕ್ಕೆ ತಾನೇ ಗುರ್ರೆಂದು ಏರುತ್ತಿತ್ತು, ಇನ್ನೇನು ನಿಂತೇಹೋಯಿತು ಎನ್ನುವಷ್ಟು ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ರಸ್ತೆಗೆ ಹೊಟ್ಟೆ ತಾಗುವಷ್ಟು ತಗ್ಗಿನ, ಓಡಲೆಂದೇ ಹುಟ್ಟಿದ ಕಾರು. ನಿಂತಲ್ಲಿ ಸುಮ್ಮನೆ ನಿಲ್ಲುವುದು ಮಾತ್ರ ಅದಕ್ಕೆ ಬರುತ್ತಿರಲಿಲ್ಲ.

"ಸಿಗ್ನಲ್‌ನಲ್ಲಿ ಮರ್ಯಾದೆ ಹೋಗುತ್ತೆ ಅಕ್ಕಾ," ಎಂದರು ಹೋದ ವಾರವಷ್ಟೇ ಅದನ್ನು ಕೊಂಡಿದ್ದ ಹಲ್ಲಿನ ಡಾಕ್ಟರು. "ಪಕ್ಕದ ಸ್ಕೂಟರಿನವನು ನಾನು ರೇಸಿಗೆ ಕರೀತಿದ್ದೀನಿ ಅಂದ್ಕೊಳ್ತಾನೆ. ನನ್ನ ಹೆಂಡತಿ ಅಂತೂ ಹತ್ತೋದೇ ಇಲ್ಲ. ಯಾರೋ ಬಿಟ್ಟಿದ್ದನ್ನ ಹೊತ್ಕೊಂಡು ಬಂದ್ರಿ ಅಂತಾಳೆ."

"ಬಾಯಿ ತೆಗೀರಿ, ನೋಡೋಣ," ಎಂದಳು ಗ್ಯಾರೇಜಿನ ಅಕ್ಕ. ಡಾಕ್ಟರು ಅಭ್ಯಾಸಬಲದಿಂದ ತಮ್ಮ ಬಾಯಿಯನ್ನೇ ತೆರೆದರು. ಅವಳು ನಗು ತಡೆದುಕೊಂಡು ಬಾನೆಟ್ಟಿನ ಕಡೆ ಕೈ ತೋರಿಸಿದಳು.

ಪ್ಲಗ್ಗುಗಳಲ್ಲಿ ತಪ್ಪಿರಲಿಲ್ಲ. ಗಾಳಿ ಅಳೆಯುವ ಸೆನ್ಸರ್ ಚೊಕ್ಕವಾಗಿತ್ತು. ಸ್ಕ್ಯಾನರ್ ಹೇಳಿದ್ದು ಒಂದೇ ಮಾತು: ಪೆಟ್ರೋಲು ಕಡಿಮೆ, ಗಾಳಿ ಹೆಚ್ಚು. ಅಂದರೆ ಎಲ್ಲಿಂದಲೋ ಕಳ್ಳಗಾಳಿ ಒಳಗೆ ನುಗ್ಗುತ್ತಿದೆ, ಅದರ ಲೆಕ್ಕ ಸಿಗದೆ ಇಂಜಿನ್ನಿಗೆ ತಲೆ ಕೆಟ್ಟಿದೆ. ಅವಳು ಒಂದು ರಬ್ಬರ್ ನಳಿಗೆಯ ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಕೊಳವೆ ಕೊಳವೆಗೂ ಆಡಿಸಿದಳು. ಎಲ್ಲೋ ಸುಸ್ ಎಂದಂತಾಯಿತು. ಎಲ್ಲಿ ಎಂದು ಹಿಡಿಯಲಾಗಲಿಲ್ಲ. ಇಷ್ಟು ಚೆನ್ನಾಗಿ ಬಚ್ಚಿಟ್ಟುಕೊಂಡ ತೂತನ್ನು ಅವಳು ಈಚೆಗೆ ಕಂಡಿರಲಿಲ್ಲ. ಸಿಟ್ಟಿಗಿಂತ ಹೆಚ್ಚಾಗಿ ಕುತೂಹಲವೇ ಅವಳನ್ನು ಹಿಡಿದುಕೊಂಡಿತು.

ಕೊನೆಗೆ ಇಂಜಿನ್ ಆರಿಸಿ, ಗಾಳಿಯ ದಾರಿಯೊಳಕ್ಕೆ ಹೊಗೆ ಊದುವ ಯಂತ್ರ ಹಚ್ಚಿದಳು. ತೂತೆಲ್ಲಿದೆಯೋ ಅಲ್ಲಿಂದ ಹೊಗೆ ಹೊರಬರಲೇಬೇಕು. ಇಬ್ಬರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವರಂತೆ ಬಗ್ಗಿ ಕಾದರು. ಇಂಜಿನ್ನಿನ ಹಿಂಭಾಗದಲ್ಲಿ, ಕೈ ಹೋದರೂ ಕಣ್ಣು ಹೋಗದ ಸಂದಿಯಿಂದ, ದಾರದಂಥ ಹೊಗೆ ಎದ್ದಿತು.

"ಸಿಕ್ತು!" ಎಂದು ಡಾಕ್ಟರು ಚಪ್ಪಾಳೆ ತಟ್ಟಿದರು.

ಅವಳು ಪುಟ್ಟ ಕನ್ನಡಿಯನ್ನು ಸಂದಿಯೊಳಗೆ ತೂರಿಸಿ ಟಾರ್ಚ್ ಬಿಟ್ಟಳು. ಕಿರುಬೆರಳಿನ ದಪ್ಪದ ಕೊಳವೆ. ಹಳತಾಗಿ ಬಿರಿದದ್ದಲ್ಲ, ಅದರ ತಳಭಾಗದಲ್ಲಿ, ಬಿಸಿ ಮೊಳೆಯಿಂದ ಚುಚ್ಚಿದಂತೆ ದುಂಡಗಿನ ತೂತು. ಪಕ್ಕದಲ್ಲೇ ತಾಮ್ರದ ತಂತಿಯ ಒಂದು ಸುತ್ತು. ತಂತಿಯ ತುದಿಯನ್ನು ಕೈಗೆ ಚುಚ್ಚದಂತೆ ಒಳಕ್ಕೆ ಮಡಿಸಲಾಗಿತ್ತು.

ಅವಳು ಕನ್ನಡಿಯನ್ನು ಇನ್ನಷ್ಟು ಹತ್ತಿರ ಒಡ್ಡಿದಳು. ಹಾಗೆ ತಂತಿ ಮಡಿಸುತ್ತಿದ್ದವರು ಈ ಗ್ಯಾರೇಜು ಕಟ್ಟಿದ ಅವಳ ಅಪ್ಪ. ಚೆನ್ನಾಗಿರುವ ಇಂಜಿನ್ನಿಗೊಂದು ತೂತು ಮಾಡಿ, ತಂತಿಯ ಗುರುತು ಕಟ್ಟಿ, "ಹುಡುಕಿ ನೋಡೋಣ" ಎಂದು ಅವಳನ್ನೂ ಅವಳ ತಮ್ಮನನ್ನೂ ಬಿಟ್ಟುಬಿಡುವುದು ಅಪ್ಪನ ಪಾಠದ ರೀತಿ. ಕಿವಿಯಿಂದಲೇ ಹುಡುಕಿದರೆ ಗೆಲುವು, ಯಂತ್ರ ಮುಟ್ಟಿದರೆ ಸೋಲು. ಬೆಳೆದ ಮೇಲೂ ಅಕ್ಕ ತಮ್ಮ ಒಬ್ಬರಿಗೊಬ್ಬರು ತೂತು ಬಚ್ಚಿಟ್ಟು ಆಡುತ್ತಿದ್ದರು. ಆಟಕ್ಕೆ ಇನ್ನೊಂದು ಕಟ್ಟಳೆಯೂ ಇತ್ತು: ತೂತು ಮಾಡಿದವರೇ ಬಂದು ಮುಚ್ಚಬೇಕು. ಅಪ್ಪ ಸಾಯುವಾಗ ಗ್ಯಾರೇಜನ್ನು ಅವಳೊಬ್ಬಳ ಕೈಗಿಟ್ಟರು. ಅಂದು ಬಾಗಿಲು ದಾಟಿದ ತಮ್ಮ ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ, ಅವಳ ಫೋನನ್ನೂ ಎತ್ತಿರಲಿಲ್ಲ. ಅವಳಿಗೆ ಅವನ ಮೇಲೆ ಸಿಟ್ಟಿತ್ತು. ಆದರೆ ಅವನಿಲ್ಲದೆ ಒಂದು ಕೈ ಕಳೆದುಕೊಂಡಂತೆಯೂ ಇತ್ತು.

"ಡಾಕ್ಟ್ರೇ, ಇದನ್ನ ನಿಮಗೆ ಮಾರಿದ್ದು ಯಾರು?"

"ಹಳೇ ಕಾರುಗಳನ್ನ ಮಾರೋ ಒಬ್ರು. ಮಾತು ಕಮ್ಮಿ. ನಿಂತಾಗ ಇಂಜಿನ್ ಏರಿಳಿಯೋ ತೊಂದ್ರೆ ಇದೆ ಅಂತ ಅವರೇ ಮುಚ್ಚುಮರೆ ಇಲ್ಲದೆ ಹೇಳಿದ್ರು. ನೀವೇ ಸರಿ ಮಾಡ್ಕೊಡಿ ಅಂದ್ರೆ, ಉಹೂಂ, ಈ ಗ್ಯಾರೇಜಿಗೇ ತೋರಿಸಿ, ಸಿಕ್ಕಿದ್ಮೇಲೆ ನಂಗೊಂದು ಫೋನ್ ಮಾಡಿ ಅಂದ್ರು. ವಿಚಿತ್ರ ಮನುಷ್ಯ!"

ತಮ್ಮನೇ! ತಾನಾಗಿ ಬಂದರೆ ಮಾನ ಹೋದೀತು, ಬರದಿದ್ದರೆ ಪ್ರಾಣ ತಡೆಯದು. ಅದಕ್ಕೆ ಈ ವರಸೆ ಹೂಡಿದ್ದಾನೆ ಕಳ್ಳ. ಹೊಸ ಕೊಳವೆಯ ತುಂಡು ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಅವಳು ಅದನ್ನು ಕೈಗೆ ತೆಗೆದುಕೊಂಡಳು, ಮತ್ತೆ ಅಲ್ಲೇ ನೇತುಹಾಕಿದಳು.

"ಹಾಕ್ಬಿಡಿ ಅಕ್ಕಾ, ಅಷ್ಟೇ ತಾನೆ?"

"ನಾನು ಹಾಕೋ ಹಾಗಿಲ್ಲ. ಅವನಿಗೆ ಫೋನ್ ಮಾಡಿ."

"ಹುಳುಕು ಯಾವ ಹಲ್ಲಲ್ಲಿ ಅಂತ ಗೊತ್ತಾದ್ಮೇಲೂ ಬಾಯಿ ತೆರೆಸಿಯೇ ಕೂರಿಸ್ತೀರಲ್ಲ!" ಎಂದು ಗೊಣಗುತ್ತಲೇ ಡಾಕ್ಟರು ನಂಬರ್ ಒತ್ತಿ ಫೋನನ್ನು ಅವಳ ಕೈಗೆ ಕೊಟ್ಟರು.

ಆ ಕಡೆಯಿಂದ "ಹಲೋ" ಬಂತು. ಬೈಯಬೇಕೆಂದು ಇಷ್ಟು ಕಾಲ ಕೂಡಿಟ್ಟಿದ್ದ ಮಾತುಗಳನ್ನು ಅವಳು ಬದಿಗಿಟ್ಟಳು.

"ಹಿಂದುಗಡೆ ಕೊಳವೆ," ಎಂದಳು. "ಅಡಿಭಾಗ."

ಆ ಕಡೆಯಿಂದ, ಸಣ್ಣ ದನಿಯಲ್ಲಿ: "ಕಿವಿಯಿಂದ್ಲಾ?"

"ಕಿವಿಯಿಂದ್ಲೇ," ಎನ್ನುವಷ್ಟರಲ್ಲಿ ಬಾನೆಟ್ಟಿನಡಿ ಕವಿದಿದ್ದ ಹೊಗೆ ಗಂಟಲಿಗಿಳಿದು ಅವಳು ಖೊಳ್ಳನೆ ಕೆಮ್ಮಿದಳು.

"ಸುಳ್ಳಿ," ಎಂದಿತು ಆ ಕಡೆಯ ದನಿ. "ಏನೂ ಮುಟ್ಬೇಡ ಅಕ್ಕಾ. ಹೊರಟೆ."