ಬಿಸಿ ತಗಡು

ಕೈ ಸುಟ್ಟರೆ ಬಾಯಿ ಮೊಸರು. ಕಟ್ಟುಕತೆಯಲ್ಲ, ಅಂಕೋಲೆಯಲ್ಲಿ ನಡೆದದ್ದೇ. ಗೇಮ್ ಕನ್ಸೋಲುಗಳಿಗೆ ಹೊಸ ಚಿಪ್ ಕೂರಿಸುವ ಅಂಗಡಿಗೆ ಸೋಲ್ಡರಿಂಗ್ ಕಲಿಯಲು ಬಂದ ಸತೀಶನ ಕೈಗೆ, ಅಲ್ಲಿನ ಹಳೇ ಕೆಲಸಗಾರ ನಿತೇಶ ಬೇಕೆಂದೇ ಬಿಸಿ ಮಾಡಿದ ತಗಡು ಕೊಟ್ಟ. ಹೊಸಬರಿಗೆಲ್ಲ ಅಲ್ಲಿ ಅದೇ ಸ್ವಾಗತ; ಅವರ ಕಿರುಚಾಟವನ್ನು ಅಣಕಿಸುವುದು ನಿತೇಶನ ಹಕ್ಕು. ಬಾಯಿ ತೆರೆದು ಕಾದ. ಕಿರುಚಾಟ ಬರಲಿಲ್ಲ.

“ಇದನ್ನ ಎಲ್ಲಿ ಇಡೂದು, ಅಣ್ಣಾ?” ಸತೀಶ ಮಾಲೀಕ ದೇವಾನಂದನನ್ನು ಕೇಳಿದ. ಬೈಕಿನಿಂದ ಬಿದ್ದು ಮರಗಟ್ಟಿದ್ದ ಬೆರಳುಗಳಿಗೆ ಸ್ಪರ್ಶ ಮರಳಿದೆಯೆಂದು ಆಣೆ ಮಾಡಿಯೇ ಸತೀಶ ಈ ಕೆಲಸಕ್ಕೆ ಸೇರಿದ್ದ.

“ತಮಾ, ಕೈ ನೋಡ್ಕೋ, ಸುಡ್ತಾ ಅದೆ!” ದೇವಾನಂದ ಕೂಗಿದ.

ಸತೀಶ ಕೆಂಪಗೆ ಊದುತ್ತಿದ್ದ ಬೆರಳು ನೋಡಿಕೊಂಡ. “ಅಯ್ಯಯ್ಯೋ, ಉರಿ!” ಎಂದು ತಡವಾಗಿ ಕಿರುಚಿದ. ಅದು ಬರೀ ಅಣಕು ಎಂಬುದು ನಿತೇಶನಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು? ಉಳಿದವರು ನಕ್ಕರು. ಎಲ್ಲರಿಗಿಂತ ಜೋರಾಗಿ ಸತೀಶನೇ ನಕ್ಕ, ತಗಡನ್ನು ಇನ್ನೂ ಹಿಡಿದುಕೊಂಡೇ.