ಕರಡಿಗೆಯ ಮೇಲಿನ ಕೈ

"ಅದನ್ನ ಮುಟ್ಬ್ಯಾಡಿ ಕಣಣ್ಣ," ಎಂದಳು ಶಿವನಾಗಮ್ಮ.

ಓಟು ಕೇಳಲು ಕವಲಂದೆಯ ಬೀದಿಗೆ ಬಂದಿದ್ದ ಗುರುಮಲ್ಲಪ್ಪನ ಕೈ, ಅಂಗಿಯೊಳಗೆ, ಲಿಂಗದ ಕರಡಿಗೆಯ ಮೇಲೆ ಹಾಗೇ ನಿಂತಿತು. ಕೆರೆಗೆ ನೀರು ತುಂಬಿಸುತ್ತೇನೆಂದು ಲಿಂಗ ಮುಟ್ಟಿ ಆಣೆ ಇಡಲು ಹೊರಟಿದ್ದ. ಹಿಂದಿದ್ದವರ ಜೈಕಾರ ಅಡಗಿತು.

"ಬ್ಯಾಂಕು ಮುಳುಗ್ತದೆ ಅಂತ ಸುದ್ದಿ ಎದ್ದಾಗ ನೀವೇ ಅಧ್ಯಕ್ಷರು. ನಾವೆಲ್ಲ ದುಡ್ಡು ತಗಳಕ್ಕೆ ಬಾಗ್ಲಲ್ಲಿ ನಿಂತಿದ್ದೋ. ಇದೇ ಕರಡಿಗೆ ಇಡ್ಕಂಡು, ಒಂದು ಪೈಸಾನೂ ಎಲ್ಲೂ ಓಗಲ್ಲ, ಮನೆಗೋಗಿ ಅಂದ್ರಿ. ಲಿಂಗ ಮುಟ್ಟಿ ಏಳಿದ್ಮೇಲೆ ಇನ್ನೇನು ಅಂತ, ನಮ್ಮೆಜಮಾನ್ರ ಆಪರೇಸನ್ಗೆ ಅಂತ ಇಟ್ಟಿದ್ದ ದುಡ್ಡು ಅಲ್ಲೇ ಬುಟ್ಟು ತಿರುಗ್ಬಂದೆ." ಅವಳ ದನಿ ಏರಲಿಲ್ಲ. ಹಣೆಯ ಮೇಲೆ ಈಗ ಕುಂಕುಮವಿರಲಿಲ್ಲ, ವಿಭೂತಿ ಮಾತ್ರ ಇತ್ತು.

"ಅಕ್ಕ, ನಾನು ಮೋಸ ಮಾಡ್ನಿಲ್ಲ. ನಂದೂ ಅದ್ರಲ್ಲೇ ಓಯ್ತು. ಎಲ್ರೂ ಒಟ್ಗೇ ದುಡ್ಡು ತಗಂಡ್ರೆ ಬ್ಯಾಂಕು ಉಳಿಯಕಿಲ್ಲ ಅಂತ ಅಂಗಂದೆ. ಒಳಗೆ ಏನೂ ಉಳ್ದಿಲ್ಲ ಅನ್ನೋದು ನಂಗೂ ಗೊತ್ತಿರ್ನಿಲ್ಲ."

ಅದು ನಿಜವೇ ಆಗಿತ್ತು. ಇಷ್ಟು ವರ್ಷ ಎಲ್ಲರೆದುರೂ ಆ ನಿಜವೊಂದೇ ಅವನನ್ನು ಕಾಪಾಡಿತ್ತು. ಶಿವನಾಗಮ್ಮ ಕೂಡ ಒಪ್ಪಿ ತಲೆಯಾಡಿಸಿದಾಗ ಅವನ ಉಸಿರು ಹಗುರಾಯಿತು.

"ಗೊತ್ತಿರ್ನಿಲ್ಲ ಕಣಣ್ಣ, ನಾನೂ ನಂಬ್ತೀನಿ," ಎಂದಳು ಅವಳು. "ಗೊತ್ತಿಲ್ದೇಲೆ ಅದನ್ನ ಯಾಕೆ ಮುಟ್ಟಿದ್ರಿ?"

ಬೆಳ್ಳಿಯ ಕರಡಿಗೆ ಅಂಗೈಯ ಬೆವರಿನಲ್ಲಿ ಬೆಚ್ಚಗಿತ್ತು. ಗುರುಮಲ್ಲಪ್ಪ ಅದನ್ನು ಮೆಲ್ಲಗೆ ಬಿಟ್ಟು ಕೈ ಹೊರಗೆ ತೆಗೆದ. ಕೆರೆಯ ಮಾತೆತ್ತದೆ, ಕೊರಳ ತನಕ ಅಂಗಿಯ ಗುಂಡಿ ಹಾಕಿಕೊಂಡ.